ಅಪ್ಪನ ಹೆಸರಿನ ಮನೆ ಮಾರುವ ಮೊದಲು ಯಾರ್ಯಾರ ಸಹಿ ಬೇಕು?

ಮನೆ ಮಾರಲು ಅಣ್ಣ, ತಮ್ಮ, ಅಕ್ಕ ಎಲ್ಲರೂ ಒಪ್ಪಿದ್ದಾರೆ. ಬ್ರೋಕರ್ ಒಳ್ಳೆಯ ಪಾರ್ಟಿಯನ್ನೇ ಕರೆತಂದಿದ್ದಾನೆ. ರೇಟೂ ಕುದುರಿದೆ. ಇನ್ನೇನು ಅಡ್ವಾನ್ಸ್ ಕೈಗೆ ಬರಬೇಕು ಅನ್ನುವಾಗ ಕೊಳ್ಳುವವರ ಕಡೆಯ ವಕೀಲರು ಒಂದು ಪ್ರಶ್ನೆ ಕೇಳುತ್ತಾರೆ: "ನಿಮ್ಮ ತಂದೆ ತೀರಿಕೊಂಡಾಗ ಅವರ ತಾಯಿ ಬದುಕಿದ್ದರಾ?"

ಬದುಕಿದ್ದರು ಅಂದರೆ ವ್ಯವಹಾರ ಅಲ್ಲಿಗೇ ನಿಲ್ಲುತ್ತದೆ. ಚಿಕ್ಕಪ್ಪನ ಸಹಿ ಬೇಕು, ಸೋದರತ್ತೆಯ ಸಹಿ ಬೇಕು. ಅಪ್ಪ ಸ್ವಂತ ದುಡ್ಡಲ್ಲಿ ಕಟ್ಟಿಸಿದ ಮನೆಗೆ ಇವರ ಸಹಿ ಯಾಕೆ ಅಂತ ಮನೆಯವರಿಗೆ ತಲೆಬುಡ ಅರ್ಥವಾಗುವುದಿಲ್ಲ. ಇದೆಲ್ಲ ಕೊನೇ ಘಳಿಗೆಯಲ್ಲಿ ಗೊತ್ತಾಗುವುದಕ್ಕೆ ಕಾರಣ ಒಂದೇ. ಯಾರ್ಯಾರಿಗೆ ಎಷ್ಟೆಷ್ಟು ಪಾಲು ಅಂತ ಬರೆದು ನೋಡುವ ಮುಂಚೆಯೇ ರೇಟಿನ ಮಾತಿಗೆ ಕೂತಿರುತ್ತಾರೆ.

ಹಾಗಾಗಿ ಪಾಲಿನ ಲೆಕ್ಕವನ್ನೇ ಮೊದಲು ನೋಡೋಣ. ಇಲ್ಲಿ ಹೇಳುವುದು ಮುಖ್ಯವಾಗಿ ಕರ್ನಾಟಕದ ಹಿಂದೂ ಕುಟುಂಬಗಳಿಗೆ ಅನ್ವಯಿಸುವ ನಿಯಮ. ಜೈನ, ಬೌದ್ಧ, ಸಿಖ್ಖರಿಗೂ ಇದೇ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ. ಮುಸ್ಲಿಮರಿಗೆ ಅವರದೇ ವೈಯಕ್ತಿಕ ಕಾನೂನು ಇದೆ. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅಲ್ಲಿ ಪಾಲಿನ ಲೆಕ್ಕವೇ ಬೇರೆ. ಕಾಗದಪತ್ರ, ತೆರಿಗೆ, ನೋಂದಣಿಯ ವಿಷಯ ಮಾತ್ರ ಎಲ್ಲರಿಗೂ ಹೆಚ್ಚುಕಮ್ಮಿ ಒಂದೇ.

ಪಾಲಿನ ಲೆಕ್ಕ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೈಸೂರಿನಲ್ಲಿ ಒಬ್ಬರು ಸಂಬಳದ ಉಳಿತಾಯದಲ್ಲಿ ಸೈಟು ಕೊಂಡು ಮನೆ ಕಟ್ಟಿಸಿದರು. 2015ರಲ್ಲಿ ವಿಲ್ ಬರೆಯದೆ ತೀರಿಕೊಂಡರು. ಆಗ ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಮತ್ತು ಅವರ ವಯಸ್ಸಾದ ತಾಯಿ ಇದ್ದರು. ತಂದೆ ಆಗಲೇ ತೀರಿಕೊಂಡಿದ್ದರು.

ವಿಲ್ ಇಲ್ಲದೆ ಗಂಡಸು ತೀರಿಕೊಂಡರೆ ಅವರ ಸ್ವಂತ ಆಸ್ತಿ ಮೊದಲ ವರ್ಗದ ವಾರಸುದಾರರಿಗೆ ಹೋಗುತ್ತದೆ. ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ, ಇವರೆಲ್ಲ ಆ ವರ್ಗದವರು. ಮೊದಲೇ ತೀರಿಕೊಂಡ ಮಗ ಇದ್ದರೆ ಅವನ ಪಾಲು ಅವನ ಹೆಂಡತಿ ಮಕ್ಕಳಿಗೆ, ಮಗಳು ಇದ್ದರೆ ಅವಳ ಪಾಲು ಅವಳ ಮಕ್ಕಳಿಗೆ ಸೇರುತ್ತದೆ. ತೀರಿಕೊಂಡವರ ತಂದೆ ಈ ವರ್ಗದಲ್ಲಿ ಬರುವುದಿಲ್ಲ, ತಾಯಿ ಬರುತ್ತಾರೆ. ಜನ ಮರೆಯುವುದು ಇದನ್ನೇ.

ಹಾಗಾಗಿ ಮೈಸೂರಿನ ಮನೆ ಐದು ಸಮ ಪಾಲಾಯಿತು. ಅಜ್ಜಿಗೂ ಒಂದು. 2018ರಲ್ಲಿ ಅಜ್ಜಿಯೂ ವಿಲ್ ಇಲ್ಲದೆ ತೀರಿಕೊಂಡರು ಅಂದುಕೊಳ್ಳಿ. ಅವರ ಐದನೇ ಒಂದು ಪಾಲು ಸೊಸೆಗೆ ಬರುವುದಿಲ್ಲ. ಅದು ಅಜ್ಜಿಯ ಮಕ್ಕಳಿಗೆ ಹೋಗುತ್ತದೆ. ಒಬ್ಬ ಚಿಕ್ಕಪ್ಪ, ಒಬ್ಬ ಅತ್ತೆ, ಮತ್ತೆ ತೀರಿಕೊಂಡ ಹಿರಿಮಗನ ಪರವಾಗಿ ಅವರ ಮೂರು ಮಕ್ಕಳು. ಅಂದರೆ ಅಜ್ಜಿಯ ಪಾಲು ಮೂರು ಭಾಗವಾಗಿ, ಅದರಲ್ಲಿ ಒಂದು ಭಾಗ ಮತ್ತೆ ಮೂರಾಗುತ್ತದೆ.

ಇಡೀ ಮನೆಯನ್ನು 45 ಭಾಗ ಅಂತ ಎಣಿಸಿದರೆ ಮಕ್ಕಳ ತಾಯಿಗೆ 9, ಮೂರು ಮಕ್ಕಳಿಗೆ ತಲಾ 10, ಚಿಕ್ಕಪ್ಪನಿಗೆ 3, ಅತ್ತೆಗೆ 3. ಮನೆ 90 ಲಕ್ಷಕ್ಕೆ ಹೋದರೆ ತಾಯಿಗೆ 18 ಲಕ್ಷ, ಮಕ್ಕಳಿಗೆ ತಲಾ 20 ಲಕ್ಷ, ಚಿಕ್ಕಪ್ಪನಿಗೂ ಅತ್ತೆಗೂ ತಲಾ 6 ಲಕ್ಷ. ಈ ಕೋಷ್ಟಕವನ್ನು ಒಂದು ಹಾಳೆಯಲ್ಲಿ ಬರೆದು, ವಕೀಲರಿಗೆ ತೋರಿಸಿ ಸರಿ ಅನ್ನಿಸಿಕೊಂಡು, ಎಲ್ಲರಿಗೂ ಒಂದೊಂದು ಪ್ರತಿ ಕೊಡಿ. ಬ್ರೋಕರ್‌ಗೆ ಫೋನ್ ಮಾಡುವುದು ಆಮೇಲೆ.

ಈ ಲೆಕ್ಕ ಸ್ವಯಾರ್ಜಿತ ಆಸ್ತಿಗೆ ಮಾತ್ರ. ಪಿತ್ರಾರ್ಜಿತ ಆದರೆ ಬೇರೆ ದಾರಿ. ಅಲ್ಲಿ ಅಪ್ಪ ಬದುಕಿದ್ದಾಗಲೇ ಪಾಲಾಗಿದ್ದರೆ ಅವರಿಗೆ ಎಷ್ಟು ಬರುತ್ತಿತ್ತು ಅಂತ ಮೊದಲು ಊಹಿಸಿ, ಆ ಪಾಲನ್ನು ಮಾತ್ರ ಮೇಲೆ ಹೇಳಿದ ಹಾಗೆ ಹಂಚಬೇಕು. ಅಜ್ಜನಿಂದ ಬಂದದ್ದೆಲ್ಲ ಪಿತ್ರಾರ್ಜಿತ ಅನ್ನುವ ನಂಬಿಕೆ ನಮ್ಮಲ್ಲಿ ಜಾಸ್ತಿ. ಅದು ಸರಿಯಲ್ಲ. ಅಜ್ಜ ತಾನೇ ಸಂಪಾದಿಸಿದ ಆಸ್ತಿ, 1956ರ ಕಾಯ್ದೆ ಬಂದ ಮೇಲೆ, ವಿಲ್ ಇಲ್ಲದೆ ಅಪ್ಪನ ಪಾಲಿಗೆ ಬಂದಿದ್ದರೆ ಅದು ಅಪ್ಪನ ಸ್ವಂತ ಆಸ್ತಿ. ಸುಪ್ರೀಂ ಕೋರ್ಟ್ 1986ರಲ್ಲಿ ಚಂದರ್ ಸೇನ್ ಪ್ರಕರಣದಲ್ಲಿ ಇದನ್ನೇ ಹೇಳಿತು. ಮೊಮ್ಮಕ್ಕಳು ಹುಟ್ಟಿದ್ದರಿಂದಲೇ ಅದರಲ್ಲಿ ಪಾಲು ಹುಟ್ಟುವುದಿಲ್ಲ.

ವಿಲ್ ಇದ್ದರೆ ಸ್ವಯಾರ್ಜಿತ ಆಸ್ತಿಯನ್ನು ಯಾರಿಗೆ ಬೇಕಾದರೂ ಬರೆಯಬಹುದು. ಪಿತ್ರಾರ್ಜಿತದಲ್ಲಿ ತಮ್ಮ ಪಾಲನ್ನಷ್ಟೇ ಬರೆಯಬಹುದು. ರಿಜಿಸ್ಟರ್ ಆಗದ ವಿಲ್ ಕೂಡ ಊರ್ಜಿತವೇ, ಆದರೆ ಇಬ್ಬರು ಸಾಕ್ಷಿಗಳ ಸಹಿ ಇರಲೇಬೇಕು.

ಇನ್ನೊಂದು ಮಾತು ನಾಮಿನಿ ಬಗ್ಗೆ. ಬ್ಯಾಂಕ್ ಠೇವಣಿಗೆ ಅಪ್ಪ ದೊಡ್ಡ ಮಗನನ್ನು ನಾಮಿನಿ ಮಾಡಿದ್ದರೆ ಬ್ಯಾಂಕು ಅವನ ಕೈಗೇ ಹಣ ಕೊಡುತ್ತದೆ. ಅಷ್ಟಕ್ಕೆ ಹಣ ಅವನದಾಗುವುದಿಲ್ಲ. ಎಲ್ಲ ವಾರಸುದಾರರ ಪರವಾಗಿ ಅವನು ಪಡೆದುಕೊಂಡ ಹಾಗೆ. ಅಪ್ಪನ ಸಾಲವೂ ಹೀಗೇ ಎಲ್ಲರ ಲೆಕ್ಕಕ್ಕೆ ಬರುತ್ತದೆ. ಸಾಲಕ್ಕೆ ತಾವೇ ಜಾಮೀನು ಹಾಕಿರದಿದ್ದರೆ, ಅಪ್ಪನಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ ಮಕ್ಕಳು ಹೊಣೆ.

ಹೆಣ್ಣುಮಕ್ಕಳ ಸಹಿ

"ಮದುವೆಗೆ ಅಷ್ಟು ಖರ್ಚು ಮಾಡಿದ್ದೀವಿ, ಚಿನ್ನ ಹಾಕಿ ಕಳಿಸಿದ್ದೀವಿ, ಇನ್ನೇನು ಪಾಲು?" ಈ ಮಾತು ಇವತ್ತಿಗೂ ಎಷ್ಟೋ ಮನೆಗಳಲ್ಲಿ ಕೇಳಿಸುತ್ತದೆ. ಕಾನೂನಿನಲ್ಲಿ ಇದಕ್ಕೆ ಬೆಲೆ ಇಲ್ಲ. ಮದುವೆಯ ಖರ್ಚು ಪಾಲನ್ನು ತೀರಿಸುವುದಿಲ್ಲ.

ಅಪ್ಪನ ಸ್ವಯಾರ್ಜಿತದಲ್ಲಿ ಮಗಳಿಗೆ 1956ರಿಂದಲೇ ಮಗನಷ್ಟೇ ಪಾಲು ಇದೆ. ಪಿತ್ರಾರ್ಜಿತದಲ್ಲಿ ಕರ್ನಾಟಕ ದೇಶಕ್ಕಿಂತ ಮುಂದೆ ಹೆಜ್ಜೆ ಇಟ್ಟಿತ್ತು. 1994ರ ತಿದ್ದುಪಡಿಯಲ್ಲಿ, ಆಗ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಬಂದು, ಮದುವೆಯಾಗಿರಲಿ ಬಿಡಲಿ, ಎಲ್ಲ ಹೆಣ್ಣುಮಕ್ಕಳಿಗೂ ಆ ಹಕ್ಕು ಸಿಕ್ಕಿತು. ಆ ದಿನ ಅಪ್ಪ ಬದುಕಿರಲೇಬೇಕಾ ಅನ್ನುವ ಗೊಂದಲ ವರ್ಷಗಟ್ಟಲೆ ಇತ್ತು. ಬದುಕಿರಬೇಕಾಗಿಲ್ಲ ಅಂತ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಗೆಹರಿಸಿತು. 2004ರ ಡಿಸೆಂಬರ್ 20ಕ್ಕಿಂತ ಮುಂಚೆ ರಿಜಿಸ್ಟರ್ ಪತ್ರದ ಮೂಲಕ ಅಥವಾ ಕೋರ್ಟ್ ಡಿಕ್ರಿಯ (ಆದೇಶದ) ಮೂಲಕ ಆದ ವಿಭಾಗಗಳನ್ನು ಈಗ ಕೆದಕುವಂತಿಲ್ಲ.

ನಿಯಮ ಇಷ್ಟು ಸ್ಪಷ್ಟವಾಗಿದ್ದರೂ ಸಹಿ ಹಾಕಿಸಿಕೊಳ್ಳುವ ರೀತಿ ನೋಡಿದರೆ ಸಂಕಟವಾಗುತ್ತದೆ. ಗೌರಿ ಹಬ್ಬಕ್ಕೆ ತವರಿಗೆ ಬಂದ ಅಕ್ಕನಿಗೆ ಬಾಗಿನ ಕೊಟ್ಟು, ಮಾರನೇ ದಿನ "ಸುಮ್ನೆ ಒಂದು ಸಹಿ, ಖಾತೆ ಬದಲಾವಣೆಗೆ" ಅಂತ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ಯುತ್ತಾರೆ. ಖಾತೆ ಬದಲಾವಣೆಗೆ ಯಾರೂ ಸಬ್ ರಿಜಿಸ್ಟ್ರಾರ್ ಮುಂದೆ ಹೆಬ್ಬೆಟ್ಟು ಒತ್ತಬೇಕಾಗಿಲ್ಲ. ಅಲ್ಲಿ ಆಗುತ್ತಿರುವುದು ಹಕ್ಕು ಬಿಡುಗಡೆ. ಅಕ್ಕ ನಿಜವಾಗಿಯೂ ಪಾಲು ಬೇಡ ಅಂದರೆ ಅದು ಅವಳ ಇಷ್ಟ. ಆದರೆ ಪತ್ರವನ್ನು ಒಂದು ವಾರ ಮುಂಚೆ ಅವಳ ಕೈಗೆ ಕೊಡಿ. ಬೇಕಾದವರಿಗೆ ತೋರಿಸಿಕೊಂಡು ಬರಲಿ. ಸುಳ್ಳು ಹೇಳಿ ಪಡೆದ ಸಹಿಯನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು. ಆಗ ಮನೆ ಕೊಂಡವರೂ ಕಟಕಟೆ ಹತ್ತಬೇಕಾಗುತ್ತದೆ.

ಕಾಗದಗಳು

ಮೊದಲು ಮರಣ ಪ್ರಮಾಣಪತ್ರ. ಅದರ ನಾಲ್ಕಾರು ಪ್ರತಿ ತೆಗೆಸಿಟ್ಟುಕೊಳ್ಳಿ, ಎಲ್ಲ ಕಡೆ ಕೇಳುತ್ತಾರೆ. ಆಮೇಲೆ ನಾಡಕಚೇರಿಯಿಂದ ವಂಶವೃಕ್ಷ. ಹೆಣ್ಣುಮಕ್ಕಳ ಹೆಸರು ಬಿಟ್ಟು ವಂಶವೃಕ್ಷ ಮಾಡಿಸುವ ಕೆಟ್ಟ ಚಾಳಿ ಇದೆ. ಅಫಿಡವಿಟ್ಟಿನ ಮೇಲೆ ಕೊಡುವ ದಾಖಲೆ ಅದು. ಸುಳ್ಳು ಹೇಳಿದರೆ ಕ್ರಿಮಿನಲ್ ಕೇಸು ಮೈಮೇಲೆ ಬರುತ್ತದೆ. ಸಕ್ಸೆಷನ್ ಸರ್ಟಿಫಿಕೇಟ್ ಅನ್ನುವುದು ಬೇರೆ. ಅದನ್ನು ಕೋರ್ಟು ಕೊಡುತ್ತದೆ. ಅದು ಬೇಕಾಗುವುದು ಠೇವಣಿ, ಷೇರು, ಬರಬೇಕಾದ ಸಾಲದಂಥವಕ್ಕೆ. ಮನೆ, ಜಮೀನಿಗೆ ಅದನ್ನು ಮಾಡಿಸಿ ಅಂತ ಯಾರಾದರೂ ಅಲೆದಾಡಿಸಿದರೆ ಯಾಕೆ ಅಂತ ಕೇಳಿ.

ನಂತರ ಖಾತೆ. ಪಟ್ಟಣದಲ್ಲಾದರೆ ಎಲ್ಲ ವಾರಸುದಾರರ ಹೆಸರಿಗೆ ಜಂಟಿ ಖಾತೆ, ಜಮೀನಾದರೆ ತೀರಿಕೊಂಡವರಿಂದ ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆ. 2024ರ ಅಕ್ಟೋಬರಿನಿಂದ ಇ-ಖಾತಾ (ಡಿಜಿಟಲ್ ಖಾತೆ) ಇಲ್ಲದೆ ಪಟ್ಟಣದ ಆಸ್ತಿಯ ನೋಂದಣಿ ಆಗುವುದಿಲ್ಲ. ಹಾಗಾಗಿ ಅಪ್ಪನ ಹೆಸರಲ್ಲೇ ಖಾತೆ ಬಿಟ್ಟುಕೊಂಡು ಮಾರುವ ಹಳೇ ರೂಢಿ ಇನ್ನು ನಡೆಯದು. ಆದರೆ ಖಾತೆ ಯಾರ ಹೆಸರಲ್ಲಿದೆಯೋ ಅವರೇ ಮಾಲೀಕರು ಅಂದುಕೊಳ್ಳಬೇಡಿ. ಖಾತೆ ಇರುವುದು ಕಂದಾಯ ಕಟ್ಟುವುದಕ್ಕೆ. ತಮ್ಮನ ಒಬ್ಬನ ಹೆಸರಿಗೆ ಖಾತೆ ಆಗಿ ಇಪ್ಪತ್ತು ವರ್ಷವಾಗಿದ್ದರೂ ಉಳಿದವರ ಪಾಲು ಅಷ್ಟರಿಂದಲೇ ಕರಗಿಹೋಗುವುದಿಲ್ಲ.

ಮೂಲ ಕ್ರಯಪತ್ರ, ಆಸ್ತಿಯ ಮೇಲಿನ ಅಡಮಾನ, ಮಾರಾಟಗಳನ್ನು ತೋರಿಸುವ ಋಣಭಾರ ಪತ್ರ (ಇಸಿ), ಕಂದಾಯ ರಸೀದಿ ಇವು ಕೊಳ್ಳುವವರು ಕೇಳುವ ಮುಂಚೆ ನಿಮ್ಮ ಹತ್ತಿರ ಇರಲಿ. 2004ರಿಂದೀಚಿನ ಋಣಭಾರ ಪತ್ರ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುತ್ತದೆ. ಅದಕ್ಕಿಂತ ಹಳೆಯದಕ್ಕೆ ಕಚೇರಿಗೇ ಹೋಗಬೇಕು. ಅಪ್ಪ ಯಾವಾಗಲೋ ತೀರಿಸಿದ ಗೃಹಸಾಲದ ಅಡಮಾನ ಋಣಭಾರ ಪತ್ರದಲ್ಲಿ ಹಾಗೇ ಕೂತಿರುವುದು ಸಾಮಾನ್ಯ. ಬ್ಯಾಂಕಿನಿಂದ ಋಣಮುಕ್ತ ಪತ್ರ ಮಾಡಿಸಿ ತೆಗೆಸಬೇಕು.

ಜಮೀನಿಗೆ ಇನ್ನೂ ನಾಲ್ಕು ಕೆಲಸ ಜಾಸ್ತಿ. ಪಹಣಿಯಲ್ಲಿ ಹೆಸರು, ಸರ್ವೆ ನಂಬರಿನ ಒಂದು ಭಾಗ ಮಾತ್ರ ಮಾರುವುದಾದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ, ಅದನ್ನು ದಾಖಲೆಯಲ್ಲಿ ಬೇರೆ ಮಾಡುವ ಪೋಡಿ. ಅದಕ್ಕಿಂತ ಮುಖ್ಯವಾಗಿ, ಜಮೀನು ಅಜ್ಜನಿಗೆ ಹೇಗೆ ಬಂತು ಅಂತ ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ ಇಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವಂತಿಲ್ಲ. ಮಾರಿದರೆ ಆ ಮಾರಾಟಕ್ಕೆ ಬೆಲೆಯೇ ಇಲ್ಲ.

ಬಿಡುಗಡೆ, ವಿಭಾಗ, ಮಾರಾಟ

ಎಲ್ಲರೂ ಸೇರಿ ನೇರವಾಗಿ ಮಾರುವುದಾದರೆ ಮಧ್ಯೆ ಇನ್ನೊಂದು ಪತ್ರ ಬೇಕಿಲ್ಲ. ಮೈಸೂರಿನ ಉದಾಹರಣೆಯಲ್ಲಿ ಆರು ಜನರೂ ಕ್ರಯಪತ್ರದಲ್ಲಿ ಮಾರುವವರಾಗಿ ಸಹಿ ಹಾಕಿ ತಮ್ಮ ತಮ್ಮ ಪಾಲಿನ ಹಣ ಪಡೆದರೆ ಸಾಕು. ನನ್ನ ಅನಿಸಿಕೆಯಲ್ಲಿ ಇದೇ ಅತಿ ಶುದ್ಧವಾದ ದಾರಿ.

ಒಬ್ಬರೇ ಮನೆ ಇಟ್ಟುಕೊಳ್ಳುವುದಾದರೆ ಉಳಿದವರು ಹಕ್ಕು ಬಿಡುಗಡೆ ಪತ್ರ ಮಾಡಿಕೊಡಬೇಕು. ಎರಡು ಮೂರು ಆಸ್ತಿ ಇದ್ದು ಒಬ್ಬೊಬ್ಬರು ಒಂದೊಂದು ತೆಗೆದುಕೊಳ್ಳುವುದಾದರೆ ವಿಭಾಗ ಪತ್ರ. ಹಳೇ ಮೈಸೂರು ಕಡೆ ಹಿರಿಯರು ಪಾಲುಪಾರೀಖತ್ತು ಅಂತ ಕರೆಯುವುದು ಇದನ್ನೇ. ಎರಡೂ ರಿಜಿಸ್ಟರ್ ಆಗಬೇಕು. ಸಹಿ ಹಾಕಿದ ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು. ಬಿಳಿ ಹಾಳೆಯಲ್ಲಿ ಬರೆದು ಊರ ಹಿರಿಯರ ಸಹಿ ಹಾಕಿಸಿದ ಬಿಡುಗಡೆ ಪತ್ರವನ್ನು ನಂಬಿ ಯಾರೂ ಮನೆ ಕೊಳ್ಳುವುದಿಲ್ಲ. ಅಣ್ಣ, ತಮ್ಮ, ಅಕ್ಕ, ತಂಗಿಯರ ನಡುವಿನ ಇಂಥ ಪತ್ರಕ್ಕೆ ಕರ್ನಾಟಕದಲ್ಲಿ ನಿಗದಿತ ಸಣ್ಣ ಮುದ್ರಾಂಕ ಶುಲ್ಕ ಇದೆ. ಚಿಕ್ಕಪ್ಪನಿಂದ ಅಣ್ಣನ ಮಕ್ಕಳಿಗೆ ಬಿಡುಗಡೆ ಮಾಡಿಸುವುದಾದರೆ ಆ ರಿಯಾಯಿತಿ ಸಿಗುತ್ತದೆಯೇ ಅಂತ ಮೊದಲೇ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಇಲ್ಲಿ ಒಂದು ಎಚ್ಚರಿಕೆ. ಮಕ್ಕಳೆಲ್ಲ ಪ್ರೀತಿಯಿಂದ ತಮ್ಮ ಪಾಲನ್ನು ಅಮ್ಮನಿಗೆ ಬಿಟ್ಟುಕೊಡುತ್ತಾರೆ. ಒಳ್ಳೆಯದೇ. ಅಲ್ಲಿಂದ ಮುಂದೆ ಅಮ್ಮ ಆ ಪಾಲುಗಳ ಪೂರ್ಣ ಮಾಲೀಕರು. ಅವರು ಅದನ್ನು ಒಬ್ಬ ಮಗನಿಗೇ ಬರೆದುಕೊಟ್ಟರೆ ಉಳಿದವರು ಏನೂ ಮಾಡುವಂತಿಲ್ಲ. ಅಮ್ಮ ಇರುವವರೆಗೆ ಅವರ ತಲೆಯ ಮೇಲೆ ಸೂರು ಇರಲಿ ಅನ್ನುವುದಷ್ಟೇ ಉದ್ದೇಶವಾದರೆ, ಪಾಲು ಹಾಗೇ ಇಟ್ಟುಕೊಂಡು ಅವರಿಗೆ ಜೀವಿತಾವಧಿಯ ವಾಸದ ಹಕ್ಕು ಬರೆದುಕೊಡಬಹುದು.

ತೀರಿಕೊಂಡ ಅಣ್ಣನ ಮಗ ಇನ್ನೂ 18 ತುಂಬದವನಾದರೆ ಅತ್ತಿಗೆ ಒಬ್ಬರ ಸಹಿ ಸಾಲದು. ಹುಡುಗನ ಸ್ವಂತ ಪಾಲು ಮಾರಲು ಕೋರ್ಟಿನ ಅನುಮತಿ ಬೇಕು. ಇಲ್ಲವಾದರೆ 18 ತುಂಬಿದ ಮೇಲೆ ಮೂರು ವರ್ಷದೊಳಗೆ ಅವನು ಆ ಮಾರಾಟವನ್ನು ರದ್ದು ಮಾಡಿಸಬಹುದು. ಅನುಮತಿಗೆ ತಿಂಗಳುಗಳು ಹಿಡಿಯುತ್ತವೆ. ಹಾಗಾಗಿ ಈ ಅರ್ಜಿ ಎಲ್ಲಕ್ಕಿಂತ ಮೊದಲು ಹೋಗಲಿ.

ಹಣ ಬರುವಾಗ ಪ್ರತಿಯೊಬ್ಬರ ಪಾಲೂ ಅವರವರ ಬ್ಯಾಂಕ್ ಖಾತೆಗೇ ನೇರವಾಗಿ ಬರಬೇಕು. "ಎಲ್ಲ ಅಣ್ಣನ ಅಕೌಂಟಿಗೆ ಹಾಕಿ, ಆಮೇಲೆ ಹಂಚಿಕೊಳ್ಳುತ್ತೇವೆ" ಅನ್ನುವುದು ಬೇಡ. ಇಡೀ ಮೊತ್ತ ಅಣ್ಣನ ಆದಾಯದಂತೆ ಕಾಣುತ್ತದೆ, ಹಂಚುವಾಗ ತಡವಾದರೆ ಮನಸ್ಸೂ ಮುರಿಯುತ್ತದೆ. ಅರ್ಧ ಬಿಳಿ ಅರ್ಧ ನಗದು ಅನ್ನುವ ವ್ಯವಹಾರವಂತೂ ಬೇಡವೇ ಬೇಡ. ಆಸ್ತಿ ಮಾರಾಟದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಆರು ಜನ ವಾರಸುದಾರರ ನಡುವೆ ಲೆಕ್ಕವಿಲ್ಲದ ನಗದು ಬಂದರೆ ಯಾರಿಗೆ ಎಷ್ಟು ಹೋಯಿತು ಅಂತ ತೋರಿಸಲು ಏನೂ ಉಳಿಯುವುದಿಲ್ಲ.

ತೆರಿಗೆ

ಆಸ್ತಿ ವಾರಸಾಗಿ ಬಂದದ್ದಕ್ಕೆ ನಮ್ಮ ದೇಶದಲ್ಲಿ ತೆರಿಗೆ ಇಲ್ಲ. ಎಸ್ಟೇಟ್ ಡ್ಯೂಟಿ ಅಂತ ಇದ್ದದ್ದು 1985ರಲ್ಲೇ ಹೋಯಿತು. ಮಾರಿದಾಗ ಮಾತ್ರ ಬಂಡವಾಳ ಲಾಭದ ತೆರಿಗೆ ಬರುತ್ತದೆ. ಅದೂ ಪ್ರತಿಯೊಬ್ಬರಿಗೂ ಅವರವರ ಪಾಲಿನ ಮಟ್ಟಿಗೆ.

ಲಾಭ ಅಂದರೆ ಮಾರಿದ ಬೆಲೆಯಲ್ಲಿ ಕೊಂಡ ಬೆಲೆ ಕಳೆದದ್ದು. ನೀವು ಕೊಂಡಿಲ್ಲವಲ್ಲ, ಆದ್ದರಿಂದ ಅಪ್ಪ ಕೊಟ್ಟ ಬೆಲೆಯೇ ನಿಮ್ಮ ಬೆಲೆ. ಅವರು ಇಟ್ಟುಕೊಂಡಿದ್ದ ವರ್ಷಗಳೂ ನಿಮ್ಮ ಲೆಕ್ಕಕ್ಕೆ ಸೇರುತ್ತವೆ. 2001ರ ಏಪ್ರಿಲ್ 1ಕ್ಕಿಂತ ಹಿಂದೆ ಕೊಂಡದ್ದಾದರೆ ಆ ದಿನದ ಮಾರುಕಟ್ಟೆ ಬೆಲೆಯನ್ನು ತೆಗೆದುಕೊಳ್ಳಬಹುದು. ಆದರೆ ಆ ದಿನ ಸರ್ಕಾರ ನಿಗದಿ ಮಾಡಿದ್ದ ಮಾರ್ಗಸೂಚಿ ದರವನ್ನು ಅದು ಮೀರಬಾರದು.

ಮತ್ತೆ ಮೈಸೂರಿಗೆ ಹೋಗೋಣ. 2001ರಲ್ಲಿ ಮನೆಯ ಬೆಲೆ 9 ಲಕ್ಷ ಅಂದುಕೊಳ್ಳಿ. ಮಗಳ 45ರಲ್ಲಿ 10 ಪಾಲಿಗೆ 2 ಲಕ್ಷ. ಅವಳಿಗೆ ಬಂದದ್ದು 20 ಲಕ್ಷ. ಲಾಭ 18 ಲಕ್ಷ. 2024ರ ಜುಲೈ 23ರಿಂದ ಬಂದ ಶೇ 12.5ರ ದರದಲ್ಲಿ ತೆರಿಗೆ 2,25,000 ರೂಪಾಯಿ. ಆ ದಿನಕ್ಕಿಂತ ಮುಂಚೆ ಬಂದ ಆಸ್ತಿಯಾದ್ದರಿಂದ, ದೇಶದಲ್ಲೇ ಇರುವವರಿಗೆ ಹಳೇ ಲೆಕ್ಕವೂ ತೆರೆದಿದೆ. ಅದರಲ್ಲಿ ಬೆಲೆಯನ್ನು ಹಣದುಬ್ಬರದ ಸೂಚ್ಯಂಕದಿಂದ ಏರಿಸಿ ಶೇ 20 ಕಟ್ಟಬೇಕು. 2025-26ರ ಸೂಚ್ಯಂಕ 376. 2 ಲಕ್ಷ ಆಗ 7.52 ಲಕ್ಷವಾಗುತ್ತದೆ, ಲಾಭ 12.48 ಲಕ್ಷ, ತೆರಿಗೆ 2,49,600. ಇಲ್ಲಿ ಹೊಸ ದರವೇ ಅಗ್ಗ. ಬೆಲೆ ಅಷ್ಟಾಗಿ ಏರದ ಊರಿನಲ್ಲಿ ಹಳೇ ಲೆಕ್ಕ ಅಗ್ಗವಾಗಬಹುದು. ಎರಡನ್ನೂ ಹಾಕಿ ನೋಡಬೇಕು. ಇದರ ಮೇಲೆ ಶೇ 4 ಸೆಸ್ ಬೇರೆ.

ತೆರಿಗೆ ಉಳಿಸಲು ದಾರಿಗಳಿವೆ. ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಳ್ಳುವುದು ಅಥವಾ ಮೂರು ವರ್ಷದೊಳಗೆ ಕಟ್ಟಿಸುವುದು ಒಂದು. ಆರು ತಿಂಗಳೊಳಗೆ ಆರ್‌ಇಸಿ, ಪಿಎಫ್‌ಸಿಯಂಥ ಸರ್ಕಾರಿ ಸಂಸ್ಥೆಗಳ ಬಾಂಡಿನಲ್ಲಿ ಹಣ ಹಾಕಿ ಐದು ವರ್ಷ ಬಿಡುವುದು ಇನ್ನೊಂದು. ಬಾಂಡಿಗೆ 50 ಲಕ್ಷದ ಮಿತಿ. ನಗರದಿಂದ ದೂರದ ಕೃಷಿ ಜಮೀನಾದರೆ ಈ ತೆರಿಗೆಯೇ ಇಲ್ಲ. ದೂರ ಅಂದರೆ ಪಕ್ಕದ ಪಟ್ಟಣದ ಜನಸಂಖ್ಯೆ ನೋಡಿ ಗಡಿಯಿಂದ 2, 6 ಅಥವಾ 8 ಕಿಲೋಮೀಟರ್.

ತಮ್ಮ ಅಮೆರಿಕದಲ್ಲೋ ದುಬೈನಲ್ಲೋ ಇದ್ದರೆ ಈ ಭಾಗ ಗಮನವಿಟ್ಟು ಓದಿ. ಇಲ್ಲೇ ಇರುವವರ ಪಾಲಿನಿಂದ ಕೊಳ್ಳುವವರು ಶೇ 1 ಮಾತ್ರ ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತಾರೆ. ಒಟ್ಟು ಬೆಲೆ 50 ಲಕ್ಷ ಮುಟ್ಟಿದರೆ ಸಾಕು, ಒಬ್ಬೊಬ್ಬರ ಪಾಲು ಅದಕ್ಕಿಂತ ಕಮ್ಮಿ ಇದ್ದರೂ ಹಿಡಿಯಬೇಕು. ಎನ್‌ಆರ್‌ಐ ತಮ್ಮನ ಪಾಲಿಗೆ ಶೇ 12.5ರ ಮೇಲೆ ಸೆಸ್ಸೂ ಸೇರುತ್ತದೆ. ಕೊಳ್ಳುವವರು ಹೆದರಿ ಲಾಭದ ಬದಲು ಪೂರ್ತಿ ಮೊತ್ತದ ಮೇಲೇ ಹಿಡಿದುಬಿಡುತ್ತಾರೆ. ಕಡಿಮೆ ಹಿಡಿಯಲು ಆದಾಯ ತೆರಿಗೆ ಇಲಾಖೆಯಿಂದ ಪ್ರಮಾಣಪತ್ರ ತರಬಹುದು. ಅಗ್ರಿಮೆಂಟ್ ಆದ ತಕ್ಷಣ ಅರ್ಜಿ ಹಾಕಿದರೆ ರಿಜಿಸ್ಟ್ರೇಷನ್ ಹೊತ್ತಿಗೆ ಕೈಗೆ ಸಿಗುವ ಸಾಧ್ಯತೆ ಇದೆ. ಬರಲಾಗದವರು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಜಿಪಿಎ (ತಮ್ಮ ಪರವಾಗಿ ಸಹಿ ಹಾಕುವ ಅಧಿಕಾರಪತ್ರ) ಕಳಿಸಬಹುದು. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಈ ಗಡುವು ತಪ್ಪಿಸಿಕೊಂಡು ಮತ್ತೆ ಮೊದಲಿಂದ ಶುರು ಮಾಡಿದವರು ತುಂಬಾ ಜನ.

ಒಬ್ಬರು ಒಪ್ಪದಿದ್ದರೆ

ಒಪ್ಪದವರನ್ನು ಬಿಟ್ಟು ಉಳಿದವರು ಇಡೀ ಮನೆ ಮಾರಲಾಗದು. ತಮ್ಮ ಪಾಲನ್ನು ಮಾರಬಹುದು. ಆದರೆ ಮೊದಲ ವರ್ಗದ ವಾರಸುದಾರರಲ್ಲಿ ಒಬ್ಬರು ಮಾರಲು ಹೊರಟರೆ ಅದನ್ನು ಕೊಳ್ಳುವ ಮೊದಲ ಹಕ್ಕು ಜೊತೆಯ ವಾರಸುದಾರರಿಗಿದೆ. ಹೊರಗಿನವರು ವಾಸದ ಮನೆಯ ವಿಭಾಗವಾಗದ ಪಾಲು ಕೊಂಡರೂ ಮನೆಯವರ ಜೊತೆ ಬಂದು ಕೂರುವ ಹಕ್ಕು ಅವರಿಗಿಲ್ಲ. ಇಂಥ ಪಾಲನ್ನು ಕೊಳ್ಳುವವರು ಒಂದೋ ಗೊತ್ತಿಲ್ಲದವರು, ಇಲ್ಲವೇ ಜಗಳವನ್ನೇ ಕಸುಬು ಮಾಡಿಕೊಂಡವರು. ಅವರಿಗೆ ಮಾರಿದರೆ ಬೆಲೆ ಕುಸಿಯುತ್ತದೆ, ತವರೂ ಕೈಬಿಡುತ್ತದೆ.

ಮಾತುಕತೆ ಮುರಿದರೆ ಉಳಿಯುವುದು ವಿಭಾಗ ದಾವೆ. ಕೋರ್ಟು ಮೊದಲು ಪಾಲು ಎಷ್ಟೆಷ್ಟು ಅಂತ ಪ್ರಾಥಮಿಕ ಡಿಕ್ರಿ ಕೊಡುತ್ತದೆ. ಆಮೇಲೆ ಕಮಿಷನರ್ ಬಂದು ಅಳತೆ ಮಾಡಿ ವರದಿ ಕೊಟ್ಟ ಮೇಲೆ ಅಂತಿಮ ಡಿಕ್ರಿ. ಮೂವತ್ತು ನಲವತ್ತರ ಸೈಟಿನ ಮನೆಯನ್ನು ಆರು ತುಂಡು ಮಾಡಲಾಗುವುದಿಲ್ಲ, ಅಲ್ವಾ? ಅದಕ್ಕೇ 1893ರ ವಿಭಾಗ ಕಾಯ್ದೆ ಇದೆ. ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಪಾಲಿನವರು ಕೇಳಿದರೆ ಕೋರ್ಟು ಮನೆಯನ್ನು ಮಾರಿ ಹಣ ಹಂಚಲು ಆದೇಶಿಸಬಹುದು. ಆಗಲೂ ಮನೆ ಬಿಡಲೊಲ್ಲದ ಪಾಲುದಾರರು, ಮಾರಾಟ ಕೇಳಿದವರ ಪಾಲನ್ನು ಕೋರ್ಟು ಕಟ್ಟಿದ ಬೆಲೆಗೆ ತಾವೇ ಕೊಳ್ಳುತ್ತೇವೆ ಅನ್ನಬಹುದು. ದಾವೆ ನಡೆಯುತ್ತಿರುವಾಗ ಯಾವ ಹಂತದಲ್ಲಾದರೂ ರಾಜಿ ಮಾಡಿಕೊಂಡು ಆ ರಾಜಿಯನ್ನೇ ಡಿಕ್ರಿ ಮಾಡಿಸಬಹುದು. ಕೋರ್ಟಿನ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಿ ಅಂತ ಎರಡೂ ಕಡೆಯವರು ಮೊದಲ ವಿಚಾರಣೆಯಲ್ಲೇ ಕೇಳಿಕೊಳ್ಳಬಹುದು.